ಹಳೇ ಟ್ರ್ಯಾಕ್ಟರನ್ನು ಗುಜರಿಗೆ ಹಾಕುವ ಮುನ್ನ

ನಮ್ಮ ಸಂಘದ ರಜತ ಮಹೋತ್ಸವದ ಈ ಸಂಚಿಕೆಯಲ್ಲಿ ಠೇವಣಿ, ಸಾಲ, ವಸೂಲಾತಿಯ ಬಗ್ಗೆ ಬಲ್ಲವರು ಬರೆದಿದ್ದಾರೆ. ನಾನು ಬರೆಯಹೊರಟಿರುವುದು ಸಾಲದ ಪುಸ್ತಕದಲ್ಲಿ ಒಂದೇ ಸಾಲಿನಲ್ಲಿ ಬಂದು ಹೋಗುವ ವಸ್ತುವಿನ ಬಗ್ಗೆ. ಅದೇ ಯಂತ್ರ. ಕಬ್ಬಿಣದ ರಂಟಿ, ಆಯಿಲ್ ಎಂಜಿನ್, ಟ್ರ್ಯಾಕ್ಟರ್, ಟಿಲ್ಲರ್. ಇವು ಹೊಸದಾಗಿ ಊರಿಗೆ ಬಂದಾಗ ಕುಂಕುಮ ಹಚ್ಚಿ, ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟು ಪೂಜೆ ಮಾಡುತ್ತೇವೆ. ಹಳೇದಾದ ಮೇಲೆ ಬೇವಿನ ಮರದ ಬುಡಕ್ಕೆ ನಿಲ್ಲಿಸುತ್ತೇವೆ. ಕೊನೆಗೊಂದು ದಿನ ಗುಜರಿಯವನು ಬಂದು ಕಿಲೋ ಲೆಕ್ಕದಲ್ಲಿ ತೂಗಿಕೊಂಡು ಹೋಗುತ್ತಾನೆ. ಆ ಕಬ್ಬಿಣದ ಜೊತೆ ನಮ್ಮ ಹಿರಿಯರ ಒಕ್ಕಲುತನದ ಚರಿತ್ರೆಯೂ ತೂಕಕ್ಕೆ ಹೋಗುತ್ತದೆ ಎಂಬುದೇ ಈ ಬರಹದ ಕಾಳಜಿ.

ಈ ಚರಿತ್ರೆ ನಮ್ಮ ನಾಡಿನಿಂದಲೇ ಶುರುವಾಗುತ್ತದೆ. ಬೆಳಗಾವಿಯಲ್ಲಿ 1888ರಲ್ಲಿ ಸೈಕಲ್ ಅಂಗಡಿ ಇಟ್ಟಿದ್ದ ಲಕ್ಷ್ಮಣರಾವ್ ಕಿರ್ಲೋಸ್ಕರರು ಮುಂದೆ ಮೇವು ಕತ್ತರಿಸುವ ಯಂತ್ರ ಮಾಡಿದರು. 1903ರಲ್ಲಿ ಕಬ್ಬಿಣದ ರಂಟಿ ತಯಾರಿಸಿದರು. ಕಬ್ಬಿಣ ತಾಗಿದರೆ ಭೂಮಿಗೆ ವಿಷ ಏರುತ್ತದೆ ಎಂದು ಆಗಿನ ರೈತರು ಹೆದರಿ ಅದನ್ನು ಕೊಳ್ಳಲಿಲ್ಲವಂತೆ. ನಂಬಿಕೆ ಬರಲು ವರ್ಷಗಳೇ ಹಿಡಿದವು. ಬೆಳಗಾವಿಯ ಜಾಗ ಬಿಡಬೇಕಾಗಿ ಬಂದಾಗ ಔಂಧ್ ಸಂಸ್ಥಾನದ ಅರಸರು ಆಶ್ರಯ ಕೊಟ್ಟರು. 1910ರಲ್ಲಿ ಕಿರ್ಲೋಸ್ಕರವಾಡಿ ಹುಟ್ಟಿತು.

ಇಲ್ಲಿ ಇನ್ನೊಂದು ಸಂಗತಿಯನ್ನು ಸ್ಮರಿಸಲೇಬೇಕು. ರಂಟಿ ಬಂದ ಎರಡೇ ವರ್ಷಕ್ಕೆ, 1905ರಲ್ಲಿ, ಗದಗ ಸೀಮೆಯ ಕಣಗಿನಹಾಳದಲ್ಲಿ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರ ಮುಂದಾಳತ್ವದಲ್ಲಿ ಭಾರತದ ಮೊದಲ ಕೃಷಿ ಪತ್ತಿನ ಸಹಕಾರ ಸಂಘ ಸ್ಥಾಪನೆಯಾಯಿತು. ಕಬ್ಬಿಣದ ಉಪಕರಣವೂ ಸಹಕಾರಿ ಸಾಲವೂ ಒಂದೇ ಸೀಮೆಯಲ್ಲಿ, ಹೆಚ್ಚುಕಡಿಮೆ ಒಂದೇ ಕಾಲಕ್ಕೆ ಬಂದವು. ಅಂದಿನಿಂದ ರೈತನ ಯಂತ್ರದ ಕಥೆ ಹೇಳಬೇಕಾದರೆ ಸಾಲದ ಕಥೆಯನ್ನೂ ಹೇಳಬೇಕಾಗುತ್ತದೆ.

ಇನ್ನು ಟ್ರ್ಯಾಕ್ಟರಿಗೆ ಬರೋಣ. ನಿಮ್ಮ ಟ್ರ್ಯಾಕ್ಟರಿನ ಹಿಂಭಾಗವನ್ನು ಒಮ್ಮೆ ನೋಡಿರಿ. ಕೆಳಗೆ ಎರಡು ತೋಳು, ಮೇಲೆ ಒಂದು, ಒಟ್ಟು ಮೂರು ಕಡೆ ನೇಗಿಲು ಹಿಡಿದಿರುತ್ತದೆ. ಲಿಫ್ಟ್ ಎತ್ತಿದರೆ ನೇಗಿಲು ಮೇಲೇಳುತ್ತದೆ. ಈ ಏರ್ಪಾಡು ರೂಢಿಗೆ ಬಂದದ್ದು ಐರ್ಲೆಂಡಿನ ಹ್ಯಾರಿ ಫರ್ಗ್ಯೂಸನ್ ಎಂಬಾತನಿಂದ. ಅದಕ್ಕೂ ಮುಂಚೆ ನೇಗಿಲನ್ನು ಬಂಡಿಯಂತೆ ಹಿಂದೆ ಕಟ್ಟಿ ಎಳೆಯುತ್ತಿದ್ದರು. ನೇಗಿಲು ಕಲ್ಲಿಗೋ ಬೇರಿಗೋ ಸಿಕ್ಕರೆ ಟ್ರ್ಯಾಕ್ಟರಿನ ಮುಂಭಾಗ ಮೇಲೆದ್ದು, ಹಿಂದಕ್ಕೆ ಮಗುಚಿ, ನಡೆಸುವವನ ಪ್ರಾಣವೇ ಹೋಗುತ್ತಿತ್ತು. ಫರ್ಗ್ಯೂಸನ್‌ನ ಮೂರು ಕೊಂಡಿ ಮತ್ತು ಹೈಡ್ರಾಲಿಕ್ಸ್ ಆ ಅಪಾಯವನ್ನು ಬಹಳ ಮಟ್ಟಿಗೆ ತಗ್ಗಿಸಿತು. ಹಗುರವಾದ ಟ್ರ್ಯಾಕ್ಟರೂ ಆಳವಾಗಿ ಉಳುವಂತಾಯಿತು.

1938ರಲ್ಲಿ ಆತ ಅಮೆರಿಕದ ಹೆನ್ರಿ ಫೋರ್ಡ್ ಜೊತೆ ಬರೀ ಕೈಕುಲುಕಿ, ಕಾಗದಪತ್ರವಿಲ್ಲದೆ ಒಪ್ಪಂದ ಮಾಡಿಕೊಂಡ. ಮುಂದೆ ಅದು ಮುರಿದು, ಕೋರ್ಟಿಗೆ ಹೋಗಿ, 1952ರಲ್ಲಿ 92 ಲಕ್ಷ 50 ಸಾವಿರ ಡಾಲರ್ ಪರಿಹಾರದಲ್ಲಿ ರಾಜಿಯಾಯಿತು. ಬಾಯಿಮಾತಿನ ವ್ಯವಹಾರ ಎಷ್ಟು ದುಬಾರಿ ಎಂಬುದಕ್ಕೆ ಸಹಕಾರಿಗಳಾದ ನಮಗೆ ಇದಕ್ಕಿಂತ ಬೇರೆ ಪಾಠ ಬೇಕಿಲ್ಲ. ಇಂಗ್ಲೆಂಡಿನ ಕೊವೆಂಟ್ರಿಯಲ್ಲಿ 1946ರಿಂದ 1956ರ ತನಕ ತಯಾರಾದ ಬೂದು ಬಣ್ಣದ ಫರ್ಗ್ಯೂಸನ್ ಟಿಇ-20 ಟ್ರ್ಯಾಕ್ಟರುಗಳ ಸಂಖ್ಯೆ 5 ಲಕ್ಷ ಮೀರಿತು. ಎವರೆಸ್ಟ್ ಏರಿದ ಎಡ್ಮಂಡ್ ಹಿಲರಿ 1958ರ ಜನವರಿ 4ರಂದು ದಕ್ಷಿಣ ಧ್ರುವ ತಲುಪಿದ್ದು ಇದೇ ಟ್ರ್ಯಾಕ್ಟರಿನಲ್ಲಿ. ಅದರ ಬಿಡಿಭಾಗಗಳನ್ನು ಇಂದಿಗೂ ಮಾಡುತ್ತಾರೆ. ಏಕೆಂದರೆ ಅಲ್ಲಿನವರು ಹಳೇ ಟ್ರ್ಯಾಕ್ಟರುಗಳನ್ನು ಕೂಡಿಟ್ಟು, ಸರಿಪಡಿಸಿ, ಜಾತ್ರೆಯ ಹಾಗೆ ಮೇಳ ನಡೆಸಿ ಓಡಿಸುತ್ತಾರೆ.

ನಮ್ಮ ದೇಶಕ್ಕೆ ಮೊದಮೊದಲು ಬಂದವೆಲ್ಲ ಪರದೇಶದ ಯಂತ್ರಗಳೇ. ಸ್ವಾತಂತ್ರ್ಯದ ಹೊಸದರಲ್ಲಿ ಮಧ್ಯಭಾರತದ ಕಡೆ ಆಳವಾಗಿ ಬೇರುಬಿಟ್ಟ ಕಾನ್ಸ್ ಹುಲ್ಲನ್ನು ಕಿತ್ತು ಭೂಮಿ ಹದ ಮಾಡಲು ಕೇಂದ್ರ ಸರ್ಕಾರ ದೊಡ್ಡ ಟ್ರ್ಯಾಕ್ಟರುಗಳನ್ನು ಇಳಿಸಿತು. ಅದಕ್ಕಾಗಿ 1949ರಲ್ಲಿ ವಿಶ್ವಬ್ಯಾಂಕಿನಿಂದ 1 ಕೋಟಿ ಡಾಲರ್ ಸಾಲವನ್ನೂ ಪಡೆಯಿತು. 1959ರಲ್ಲಿ ಫರೀದಾಬಾದಿನಲ್ಲಿ ಐಷರ್ ಟ್ರ್ಯಾಕ್ಟರ್ ತಯಾರಾಯಿತು. 1960ರಲ್ಲಿ ಮದರಾಸಿನಲ್ಲಿ ಟಾಫೆ ಶುರುವಾಗಿ ಮ್ಯಾಸಿ ಫರ್ಗ್ಯೂಸನ್ ಬಂತು. ಮಹೀಂದ್ರದವರು ಕೆಂಪು ಬಣ್ಣದ ಇಂಟರ್‌ನ್ಯಾಷನಲ್ ಬಿ-275 ತಂದರು. ಬೆಂಗಳೂರಿನಲ್ಲಿ 1967ರಲ್ಲಿ ವಿಎಸ್‌ಟಿ ಕಂಪನಿ ಜಪಾನಿನ ಮಿತ್ಸುಬಿಷಿ ಸಹಯೋಗದಲ್ಲಿ ಪವರ್ ಟಿಲ್ಲರ್ ಕೆಲಸಕ್ಕೆ ಕೈಹಾಕಿತು. ಭತ್ತದ ಗದ್ದೆಯವರಿಗೆ ಅದು ವರವಾಯಿತು. ಕೈಗಡಿಯಾರದಿಂದ ಮನೆಮಾತಾಗಿದ್ದ ನಮ್ಮ ಎಚ್‌ಎಂಟಿಯು 1971ರಲ್ಲಿ ಹರಿಯಾಣದ ಪಿಂಜೋರಿನಲ್ಲಿ ಜೆಟರ್ ತಂತ್ರಜ್ಞಾನದ ಟ್ರ್ಯಾಕ್ಟರ್ ಆರಂಭಿಸಿತು. ದುರ್ಗಾಪುರದ ಸರ್ಕಾರಿ ಸಂಶೋಧನಾ ಸಂಸ್ಥೆಯಲ್ಲಿ ನಮ್ಮವರೇ ವಿನ್ಯಾಸ ಮಾಡಿದ ಟ್ರ್ಯಾಕ್ಟರು 1974ರಲ್ಲಿ ಪಂಜಾಬಿನಿಂದ ಸ್ವರಾಜ್ ಎಂಬ ಹೆಸರಲ್ಲಿ ಹೊರಬಂತು. ಆಗ ದುಡ್ಡಿದ್ದವನಿಗೂ ಟ್ರ್ಯಾಕ್ಟರ್ ಕೂಡಲೇ ಸಿಗುತ್ತಿರಲಿಲ್ಲ. ಹೆಸರು ಬರೆಸಿ ಕಾಯಬೇಕಿತ್ತು. ಇವುಗಳಲ್ಲಿ ಎಚ್‌ಎಂಟಿ ಟ್ರ್ಯಾಕ್ಟರ್ ವಿಭಾಗವನ್ನು ಮುಚ್ಚಲು 2016ರಲ್ಲಿ ಕೇಂದ್ರ ಸಂಪುಟ ಒಪ್ಪಿಗೆ ಕೊಟ್ಟಿತು. ಈಗ ಊರೂರಲ್ಲಿ ನಿಂತಿರುವ ಎಚ್‌ಎಂಟಿಗಳೆಲ್ಲ ಚರಿತ್ರೆಗೆ ಸೇರಿದವೇ.

ಟ್ರ್ಯಾಕ್ಟರಿನ ಚರಿತ್ರೆಯೆಲ್ಲ ಬರೀ ಪೂಜೆ, ತೋರಣದ್ದಲ್ಲ. ಮಳೆ ಕೈಕೊಟ್ಟ ವರ್ಷ ಕಂತು ಕಟ್ಟಲಾಗದೆ ಮನೆ ಮುಂದಿನ ಯಂತ್ರ ಜಪ್ತಿಯಾದ ದುಃಖವೂ ಅದರಲ್ಲಿದೆ. 1980ರಲ್ಲಿ ನರಗುಂದ, ನವಲಗುಂದದಲ್ಲಿ ರೈತರು ಸಿಡಿದೆದ್ದರು. ಆ ಬಳಿಕ ಕಟ್ಟಿದ ರೈತ ಸಂಘ, ಪ್ರೊ. ಎಂ.ಡಿ. ನಂಜುಂಡಸ್ವಾಮಿಯವರ ಕಾಲದಲ್ಲಿ, ಅಪ್ಪಣೆಯಿಲ್ಲದೆ ಅಧಿಕಾರಿಗಳು ಊರೊಳಗೆ ಬರಬಾರದು ಎಂದು ಬೋರ್ಡು ಹಾಕಿತು. ಜಪ್ತಿಯಾದ ಸಾಮಾನುಗಳನ್ನು ಮರುಜಪ್ತಿ ಮಾಡಿ ತಂದಿತು. ಆ ಕಾಲದ ಟ್ರ್ಯಾಕ್ಟರೊಂದು ಇಂದೂ ಯಾರದಾದರೂ ಹಿತ್ತಲಲ್ಲಿ ಉಳಿದಿದ್ದರೆ ಅದು ಆ ಕಷ್ಟಕ್ಕೂ ಸಾಕ್ಷಿ.

ಹಾಗಾದರೆ ಉಳಿಸುವುದು ಹೇಗೆ? ಮೊದಲು ಎಂಜಿನ್ ಮತ್ತು ಚಾಸಿಸ್ ನಂಬರಿನ ತಗಡನ್ನು ಜೋಪಾನ ಮಾಡಬೇಕು. ಅದು ಯಂತ್ರದ ಜಾತಕ. ಬಿಚ್ಚುವ ಮುಂಚೆ ನಾಲ್ಕೂ ಕಡೆ ಫೋಟೊ ತೆಗೆದು, ಬಿಚ್ಚಿದ ಒಂದೊಂದು ಭಾಗಕ್ಕೂ ಚೀಟಿ ಕಟ್ಟಬೇಕು. ವರ್ಷಗಟ್ಟಲೆ ನಿಂತ ಎಂಜಿನಿನಲ್ಲಿ ಪಿಸ್ಟನ್ ಹಿಡಿದುಕೊಂಡಿರುತ್ತದೆ. ಬೇರೆ ಗಾಡಿಗೆ ಕಟ್ಟಿ ಎಳೆದರೆ ರಾಡ್ ಮುರಿದೀತು. ಇಂಜೆಕ್ಟರ್ ತೆಗೆದು, ಡೀಸೆಲ್ ಮತ್ತು ಆಯಿಲ್ ಬೆರೆಸಿ ಸಿಲಿಂಡರಿಗೆ ಬಿಟ್ಟು, ಎಂಟ್ಹತ್ತು ದಿನ ನೆನೆಯಲು ಬಿಡಬೇಕು. ಆಮೇಲೆ ಫ್ಲೈವೀಲನ್ನು ಕೈಯಿಂದ ಹಿಂದೆ ಮುಂದೆ ಅಲ್ಲಾಡಿಸಿ ಸಡಿಲ ಮಾಡಬೇಕು. ಟ್ಯಾಂಕಿನ ಹಳೇ ಡೀಸೆಲ್ ಚೆಲ್ಲದೆ ಡಬ್ಬಿಗೆ ತೆಗೆದು, ಟ್ಯಾಂಕ್ ತೊಳೆದು, ಫಿಲ್ಟರ್ ಬದಲಿಸಿ, ಪೈಪಿನಲ್ಲಿನ ಏರ್ ತೆಗೆದ ಮೇಲೆಯೇ ಸ್ಟಾರ್ಟ್ ಮಾಡುವ ಮಾತು.

ಬೇರಿಂಗಿನ ಮೇಲೆ ನಂಬರ್ ಇರುತ್ತದೆ, ಪೇಟೆಯಲ್ಲಿ ಸಿಗುತ್ತದೆ. ಆಯಿಲ್ ಸೀಲ್ ಅಳತೆ ಕೊಟ್ಟರೆ ಸಿಗುತ್ತದೆ. ಸಿಗಲಾರದ್ದು ಬಾನೆಟ್ಟು, ಮಡ್‌ಗಾರ್ಡು, ಮೀಟರುಗಳಂಥ ಹೊರಗಿನ ಸಾಮಾನು. ಅದಕ್ಕೇ ಒಂದನ್ನು ಉಳಿಸಲು ಅದೇ ಮಾಡೆಲ್ಲಿನ ಇನ್ನೊಂದು ಕೆಟ್ಟು ನಿಂತದ್ದನ್ನು ಹುಡುಕಬೇಕಾಗುತ್ತದೆ. ಬಣ್ಣದ ವಿಷಯದಲ್ಲಿ ಅವಸರ ಬೇಡ. ಟೂಲ್ ಬಾಕ್ಸಿನ ಒಳಗೆ, ತಗಡುಗಳ ಸಂದಿಯಲ್ಲಿ ಮೊದಲಿನ ಬಣ್ಣ ಉಳಿದಿರುತ್ತದೆ, ಅದನ್ನು ನೋಡಿ ಹೊಂದಿಸಬೇಕು. ಇನ್ನು ಕೆಲವರು ಬಣ್ಣವನ್ನೇ ಬಳಿಯದೆ, ಎಂಜಿನ್ ಮಾತ್ರ ಸರಿಮಾಡಿ, ಮೈಮೇಲಿನ ಗೀರು, ತಗ್ಗುಗಳನ್ನು ಹಾಗೇ ಬಿಡುತ್ತಾರೆ. ದುಡಿದ ಯಂತ್ರಕ್ಕೆ ಅದೂ ಒಪ್ಪುತ್ತದೆ.

ಎಚ್ಚರಿಕೆಯ ಎರಡು ಮಾತು. ಹ್ಯಾಂಡಲ್ ಹಾಕಿ ತಿರುಗಿಸುವ ಎಂಜಿನಿಗೆ ಹೆಬ್ಬೆರಳನ್ನು ಹ್ಯಾಂಡಲಿಗೆ ಸುತ್ತಬಾರದು. ಉಳಿದ ಬೆರಳುಗಳ ಪಕ್ಕಕ್ಕೇ ಇಟ್ಟುಕೊಳ್ಳಬೇಕು. ಎಂಜಿನ್ ಹಿಂದಕ್ಕೆ ಒದ್ದರೆ ಕೈ ಮುರಿಯುತ್ತದೆ. ಹಳೇ ಬ್ರೇಕು, ಕ್ಲಚ್ಚಿನ ಪಟ್ಟಿಗಳಲ್ಲಿ ಆಸ್ಬೆಸ್ಟಾಸ್ ಇರುವುದರಿಂದ ಆ ಧೂಳನ್ನು ಊದಬಾರದು, ಒದ್ದೆ ಬಟ್ಟೆಯಿಂದ ಒರೆಸಬೇಕು.

ಯಂತ್ರದಷ್ಟೇ ಮುಖ್ಯವಾದದ್ದು ಕಾಗದ ಮತ್ತು ಬಾಯಿಮಾತು. ಆರ್‌ಸಿ ಪುಸ್ತಕ, ಖರೀದಿ ರಸೀದಿ, ಪಿಎಲ್‌ಡಿ ಬ್ಯಾಂಕಿನ ಅಡಮಾನ ಪತ್ರ, ಕಂತು ಕಟ್ಟಿದ ಚೀಟಿ, ಇವಿಲ್ಲದೆ ಹೋದರೆ ಎಷ್ಟೇ ಹೊಳಪು ಕೊಟ್ಟರೂ ಅದು ಮೂಕ ಯಂತ್ರ. ಸದ್ದು ಕೇಳಿಯೇ ರೋಗ ಹೇಳುತ್ತಿದ್ದ ಮಿಸ್ತ್ರಿಗಳು, ಮೊದಲ ಸಲ ಸ್ಟೇರಿಂಗ್ ಹಿಡಿದ ಡ್ರೈವರುಗಳು, ಟ್ರ್ಯಾಕ್ಟರ್ ಬಂದ ಮೇಲೆ ಕೂಲಿ ತಪ್ಪಿದ ಆಳುಮಕ್ಕಳು, ಎತ್ತು ಮಾರಿದ ದಿನ ಅತ್ತ ಅವ್ವಂದಿರು, ಇವರೆಲ್ಲರ ಮಾತನ್ನೂ ಬರೆದಿಡಬೇಕು. ಯಂತ್ರ ಇನ್ನೂ ಹತ್ತು ವರ್ಷ ಮರದ ಕೆಳಗೆ ನಿಂತೀತು, ಆದರೆ ಮನುಷ್ಯರು ಕಾಯುವುದಿಲ್ಲ.

ಹಳೇ ಕಾರುಗಳಿಗೆ ಧರ್ಮಸ್ಥಳದಲ್ಲಿ ಸಂಗ್ರಹಾಲಯವಿದೆ, ಜನ ಸಾಲುಗಟ್ಟಿ ನೋಡುತ್ತಾರೆ. ಕಾರು ಕೆಲವರದಾಗಿತ್ತು, ಟ್ರ್ಯಾಕ್ಟರು ನೂರಾರು ಹೊಲಗಳನ್ನು ಉತ್ತದ್ದು. ಅದಕ್ಕೂ ಒಂದು ನೆರಳು ಬೇಡವೇ? ಆದ್ದರಿಂದ ಆಡಳಿತ ಮಂಡಳಿಯವರಲ್ಲಿ ನನ್ನದೊಂದು ವಿನಂತಿ. ದೊಡ್ಡ ಕಟ್ಟಡವೇನೂ ಬೇಡ. ಗೋದಾಮಿನ ಪಕ್ಕದಲ್ಲಿ ನಾಲ್ಕು ಕಂಬದ ತಗಡಿನ ಶೆಡ್ಡು, ಒಂದು ದಪ್ಪ ನೋಂದಣಿ ಪುಸ್ತಕ ಸಾಕು. ಊರಲ್ಲಿ ಯಾರ ಮನೆಯಲ್ಲಿ ಯಾವ ಯಂತ್ರವಿದೆ, ಯಾವ ವರ್ಷ ಬಂತು, ಯಾರು ನಡೆಸಿದರು, ಸಾಲ ಹೇಗೆ ತೀರಿತು ಎಂದು ಮೊದಲು ಬರೆಯೋಣ. ಗುಜರಿಯವನು ಕೊಡುವ ಬೆಲೆಯನ್ನೇ ಸಂಘ ಕೊಟ್ಟು ಒಂದಾದರೂ ಟ್ರ್ಯಾಕ್ಟರನ್ನು ಉಳಿಸಿಕೊಳ್ಳಬಹುದೇ ಎಂದು ಮುಂದಿನ ಮಹಾಸಭೆಯಲ್ಲಿ ಚರ್ಚೆಗೆ ಇಡೋಣ. ಸದಸ್ಯರು ಅಲ್ಲಿಯ ತನಕ ಹಳೇ ಯಂತ್ರ ಮಾರುವ ಮೊದಲು ಸಂಘಕ್ಕೆ ಒಂದು ಮಾತು ತಿಳಿಸಿದರೆ ಅದೇ ದೊಡ್ಡ ಉಪಕಾರ.

ಸಂಘವು ಇನ್ನು ಇಪ್ಪತ್ತೈದು ವರ್ಷಕ್ಕೆ ಸುವರ್ಣ ಮಹೋತ್ಸವ ಆಚರಿಸುವಾಗ, ಮೆರವಣಿಗೆಯ ಮುಂದೆ ಆ ಹಳೇ ಟ್ರ್ಯಾಕ್ಟರು ತನ್ನ ಸ್ವಂತ ಶಕ್ತಿಯಿಂದಲೇ ಓಡಲಿ ಎಂದು ಹಾರೈಸುತ್ತೇನೆ. ಜೈ ಸಹಕಾರ.