‘ನಕುಚೋ ತೋಡಿ’: ಗುಜರಾತಿನ ಮೂರು ನಗರಗಳ ಮನೆಬಾಗಿಲಿನ ಬಗ್ಗೆ ಒಂದು ಟಿಪ್ಪಣಿ

ಅಹಮದಾಬಾದ್, ವಡೋದರಾ, ಸೂರತ್‌ಗಳ ಗುಜರಾತಿ ಪತ್ರಿಕೆಗಳಲ್ಲಿ ಮನೆಗಳ್ಳತನದ ಸುದ್ದಿ ಓದುವವರಿಗೆ ಒಂದು ಮಾತು ಮತ್ತೆ ಮತ್ತೆ ಎದುರಾಗುತ್ತದೆ: ‘ನಕುಚೋ ತೋಡಿ’. ನಕುಚೋ ಎಂದರೆ ಬೀಗವಲ್ಲ, ಬೀಗ ಸಿಕ್ಕಿಸುವ ಕೊಂಡಿ. ಇಂಥ ಕಡೆ ನಮ್ಮ ವರದಿಗಾರರು ‘ಬೀಗ ಮುರಿದು’ ಎಂದು ಬರೆದು ಮುಂದೆ ಹೋಗುತ್ತಾರೆ. ಗುಜರಾತಿ ಮಾತು ಹೆಚ್ಚು ಖಚಿತವಾದದ್ದು. ಬಾಗಿಲು ಎಲ್ಲಿ ಸೋತಿತು ಎಂಬುದನ್ನು ಬೆರಳಿಟ್ಟು ತೋರಿಸುತ್ತದೆ. ಮನೆಬೀಗದ ದೌರ್ಬಲ್ಯವನ್ನು ಬೀಗದೊಳಗೆ ಹುಡುಕುವುದಕ್ಕಿಂತ ಮೊದಲು ಕೊಂಡಿಯಲ್ಲಿ ಹುಡುಕಬೇಕು ಎಂಬುದಕ್ಕೆ ಈ ಒಂದು ಮಾತೇ ನನಗೆ ಮೊದಲ ಸಾಕ್ಷ್ಯ.

ಕಳ್ಳತನದ ಹಳೆಯ ಪದಗಳಲ್ಲಿ ಬಾಗಿಲೇ ಇಲ್ಲ ಎಂಬುದನ್ನೂ ಗಮನಿಸಬೇಕು. ಕನ್ನಡದ ‘ಕನ್ನ’ ಗೋಡೆಗೆ ಕೊರೆದ ತೂತು. ಗುಜರಾತಿಯ ‘ಖಾತರ್ ಪಾಡವುಂ’ ಎಂಬುದಕ್ಕೂ ಮೂಲದಲ್ಲಿ ಅದೇ ಅರ್ಥ. ‘ಮೃಚ್ಛಕಟಿಕ’ದ ಶರ್ವಿಲಕ ಚಾರುದತ್ತನ ಮನೆಗೆ ನುಗ್ಗುವುದು ಜನಿವಾರವನ್ನೇ ಅಳತೆಯ ದಾರ ಮಾಡಿಕೊಂಡು ಗೋಡೆ ಕೊರೆದು. ಮಣ್ಣು, ಇಟ್ಟಿಗೆಯ ಗೋಡೆಗಿಂತ ದಪ್ಪ ಮರದ ಬಾಗಿಲು ಗಟ್ಟಿಯಾಗಿದ್ದ ಕಾಲದ ಪದಗಳಿವು. ಸಿಮೆಂಟು ಬಂದು ಗೋಡೆ ಗಟ್ಟಿಯಾಯಿತು, ಬಾಗಿಲು ತೆಳುವಾಯಿತು; ಕಳ್ಳ ಗೋಡೆ ಬಿಟ್ಟು ಬಾಗಿಲಿಗೆ ಬಂದ.

1411ರಲ್ಲಿ ಸ್ಥಾಪನೆಯಾದ ಅಹಮದಾಬಾದಿನ ಕೋಟೆಯೊಳಗಿನ ಊರು 2017ರಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಆ ಊರಿನ ಜೀವ ಇರುವುದು ‘ಪೋಳ್’ಗಳಲ್ಲಿ: ಒಂದೇ ಹೆಬ್ಬಾಗಿಲು, ಒಳಗೆ ಕವಲೊಡೆಯುವ ಓಣಿ, ಒತ್ತಿಕೊಂಡು ನಿಂತ ಮರದ ಮನೆಗಳು. ರಾತ್ರಿ ಹೆಬ್ಬಾಗಿಲು ಮುಚ್ಚಿದರೆ ಕಾವಲಿಗೆ ಪೋಳಿಯೋ ಇರುತ್ತಿದ್ದ. ಹಗಲಿನ ಕಾವಲು ಜಗುಲಿಯದು; ‘ಓಟಲೋ’ ಮೇಲೆ ಅಕ್ಕಿ ಆರಿಸುತ್ತ ಕೂತವರ ಕಣ್ಣು ತಪ್ಪಿಸಿ ಅಪರಿಚಿತನೊಬ್ಬ ಓಣಿ ದಾಟುವುದು ಕಷ್ಟ. ಮನೆಯ ಬಾಗಿಲಿಗೆ ಒಳಗಿನಿಂದ ‘ಆಗಳೋ’, ಅಂದರೆ ನಮ್ಮ ಅಗುಳಿ. ಸಾಬರಮತಿ ದಾಟಿ ನವರಂಗಪುರ, ಪಾಲಡಿಗಳ ಸೊಸೈಟಿ, ಫ್ಲ್ಯಾಟುಗಳಿಗೆ ಬಂದ ಕುಟುಂಬಗಳು ಈ ಹೊರ ಕಾವಲನ್ನು ಹಿಂದೆ ಬಿಟ್ಟು ಬಂದವು. ಅಲ್ಲಿ ಕೊನೆಯ ಕಾವಲಾಗಿದ್ದ ಮನೆಬಾಗಿಲು ಇಲ್ಲಿ ಬಹುಪಾಲು ಏಕೈಕ ಕಾವಲಾಯಿತು.

ಈಗ ಕೊಂಡಿಯನ್ನು ಹತ್ತಿರದಿಂದ ನೋಡೋಣ. ಫ್ಲ್ಯಾಟೊಂದರ ಹಳೆಯ ಬಾಗಿಲಿನಿಂದ ಬಿಚ್ಚಿಸಿ ತಂದದ್ದು ನನ್ನ ಮೇಜಿನ ಮೇಲಿದೆ. ಬೆರಳಗಲದ ಕಬ್ಬಿಣದ ಪಟ್ಟಿ, ಅದನ್ನು ಹಿಡಿದಿದ್ದ ನಾಲ್ಕು ಸ್ಕ್ರೂ. ಅವುಗಳ ಉದ್ದ ನನ್ನ ಕಿರುಬೆರಳಿನ ಒಂದು ಗೆಣ್ಣಿಗಿಂತ ಕಡಿಮೆ. ಎರಡರ ಎಳೆಗಳ ನಡುವೆ ಮರದ ಪುಡಿ ಇನ್ನೂ ಅಂಟಿಕೊಂಡಿದೆ, ಒಂದರ ತಲೆ ತುಕ್ಕು ಹಿಡಿದಿದೆ. ಇದಕ್ಕೆ ತೂಗುಬಿದ್ದಿದ್ದ ಬೀಗ ಏಳು ಲಿವರಿನದು, ಒಳ್ಳೆಯದು, ಇವತ್ತಿಗೂ ಕೀಲಿ ತಿರುವಿದರೆ ಖಣ್ಣೆನ್ನುತ್ತದೆ. ಅಂದರೆ ಬೀಗ ಎಷ್ಟೇ ಗಟ್ಟಿಯಿರಲಿ, ಅದರ ಬಲ ಕೊನೆಗೆ ಬಂದು ನಿಲ್ಲುವುದು ಫ್ಲಶ್ ಡೋರಿನ ಮೆತ್ತನೆಯ ಮರದೊಳಗೆ ಅರ್ಧ ಅಂಗುಲ ಹೊಕ್ಕ ಸ್ಕ್ರೂಗಳ ಹಿಡಿತದಲ್ಲಿ. ಕೊಳ್ಳುವವರು ಬೀಗದಂಗಡಿಯಲ್ಲಿ ಲಿವರ್ ಎಣಿಸುತ್ತಾರೆ. ಸ್ಕ್ರೂವಿನ ಉದ್ದ ಕೇಳಿದವರನ್ನು ನಾನು ಕಂಡಿಲ್ಲ.

ಬೀಗದೊಳಗಿನ ದೌರ್ಬಲ್ಯ ಸುಳ್ಳಲ್ಲ. 1851ರ ಲಂಡನ್ ಮಹಾಪ್ರದರ್ಶನದ ಸಮಯದಲ್ಲಿ ಅಮೆರಿಕದ ಆಲ್ಫ್ರೆಡ್ ಹಾಬ್ಸ್ ಚಬ್ ಬೀಗವನ್ನು 25 ನಿಮಿಷಗಳಲ್ಲಿ ತೆರೆದ. ತೆರೆಯಲಾಗದ್ದೆಂದು ಹೆಸರಾಗಿದ್ದ ಬ್ರಾಮಾ ಬೀಗಕ್ಕೆ 16 ದಿನಗಳಲ್ಲಿ ಹರಡಿದ 51 ಗಂಟೆ ಹಿಡಿಯಿತು. ಆದರೆ ಅಷ್ಟು ಸಹನೆ, ಅಷ್ಟು ಕೈಚಳಕ ನಮ್ಮ ಮನೆಬಾಗಿಲಿಗೆ ಬೇಕಾಗಿಯೇ ಇಲ್ಲ ಎಂದು ‘ನಕುಚೋ ತೋಡಿ’ ಹೇಳುತ್ತಿದೆ.

ಕಾನೂನಿಗೆ ಇದು ಮೊದಲೇ ಗೊತ್ತಿತ್ತು. 1860ರ ಭಾರತೀಯ ದಂಡಸಂಹಿತೆಯ 445ನೇ ಕಲಮು ಮನೆ ಒಡೆಯುವ ಆರು ಬಗೆಗಳನ್ನು ಹೇಳುತ್ತದೆ. ಬೀಗ ತೆರೆದು ನುಗ್ಗುವುದು ಅದರಲ್ಲಿ ನಾಲ್ಕನೆಯದು ಮಾತ್ರ. ಅಲ್ಲಿ ಕೊಟ್ಟ ಉದಾಹರಣೆಗಳು ಇನ್ನೂ ಸ್ವಾರಸ್ಯವಾದವು. ಬಾಗಿಲ ತೂತಿನಲ್ಲಿ ತಂತಿ ಇಳಿಸಿ ಚಿಲಕ ಎತ್ತಿದವನು ಒಬ್ಬ, ಮನೆಯವರು ಕಳೆದುಕೊಂಡ ಕೀಲಿ ಸಿಕ್ಕಿ ಅದರಿಂದಲೇ ಬಾಗಿಲು ತೆರೆದವನು ಇನ್ನೊಬ್ಬ. ಇಬ್ಬರೂ ಬೀಗವನ್ನು ಮುರಿದಿಲ್ಲ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯಲ್ಲಿ ಈ ವಿಷಯ 330ನೇ ಕಲಮಿಗೆ ಬಂದಿದೆ.

ಹೊರಗೆ ತೂಗುವ ಬೀಗಕ್ಕೆ ಇನ್ನೊಂದು ದೋಷವಿದೆ, ನನ್ನ ಮಟ್ಟಿಗೆ ಅದೇ ದೊಡ್ಡದು: ಮನೆಯಲ್ಲಿ ಯಾರೂ ಇಲ್ಲ ಎಂದು ಅದು ಸಾರುತ್ತದೆ. ದೀಪಾವಳಿಗೆ ಸೂರತ್ತಿನ ವಜ್ರದ ಕಾರ್ಖಾನೆಗಳು ವಾರಗಟ್ಟಲೆ ಮುಚ್ಚುತ್ತವೆ. ವರಾಛಾ, ಕತಾರಗಾಮ್‌ಗಳಲ್ಲಿ ನೆಲೆಸಿದ ಸೌರಾಷ್ಟ್ರದ ಕುಟುಂಬಗಳು ಭಾವನಗರ, ಅಮ್ರೇಲಿಯ ಕಡೆ ಹೊರಡುತ್ತವೆ. ವಡೋದರಾದಲ್ಲಿ ನವರಾತ್ರಿಯ ಒಂಬತ್ತು ರಾತ್ರಿ ಮನೆಮಂದಿಯೆಲ್ಲ ಗರ್ಬಾದಲ್ಲಿ. ಆಗ ಮೆಟ್ಟಿಲು ಹತ್ತುವ ಯಾರಿಗಾದರೂ ಖಾಲಿ ಮನೆ ಯಾವುದೆಂದು ಬೀಗವೇ ಹೇಳುತ್ತದೆ. ಬಾಗಿಲ ದಪ್ಪದೊಳಗೆ ಕೂರುವ ಮಾರ್ಟಿಸ್ ಬೀಗ ಈ ಸುದ್ದಿಯನ್ನು ಹೊರಗೆ ಬಿಡುವುದಿಲ್ಲ. ತೂಗುಬೀಗವೇ ಇರಲಿ ಎನ್ನುವವರು ಕೊಂಡಿಯನ್ನು ಸ್ಕ್ರೂ ಬಿಟ್ಟು, ಬಾಗಿಲನ್ನು ಆರಪಾರ ಹಾಯುವ ಬೋಲ್ಟಿನಿಂದ, ಒಳಗಡೆ ನಟ್ ಬಿಗಿದು ಕೂರಿಸಿಕೊಳ್ಳಬೇಕು. ಬಡಗಿಗೆ ಅದು ಹೆಚ್ಚು ಹೊತ್ತಿನ ಕೆಲಸವಲ್ಲ.

ಮನೆಗಳ್ಳತನದ ಆ ಪತ್ರಿಕಾ ವರದಿಗಳಲ್ಲಿ ನನ್ನನ್ನು ಹೆಚ್ಚು ಕಾಡಿದ ವಿವರ ಬೇರೆ. ಒಂದು ಮನೆಗೆ ನುಗ್ಗುವ ಮೊದಲು ಕಳ್ಳರು ಅಕ್ಕಪಕ್ಕದ ಮನೆಗಳ ಚಿಲಕವನ್ನು ಹೊರಗಿನಿಂದ ಹಾಕಿಬಿಡುವುದುಂಟು. ಆ ಚಿಲಕ ಕೂರುವುದೂ ಅದೇ ಬಗೆಯ ಕೊಂಡಿಯೊಳಗೆ. ಪೋಳ್‌ನಲ್ಲಿ ಕೂಗಿದರೆ ಓಣಿಗೆ ಓಣಿಯೇ ಹೊರಬರುತ್ತಿತ್ತು. ಇಲ್ಲಿ ಎದುರು ಮನೆಯವರು ಎದ್ದಿದ್ದಾರೆ, ಸದ್ದು ಕೇಳಿಸುತ್ತಿದೆ, ಬಾಗಿಲು ಮಾತ್ರ ಒಳಗಿನಿಂದ ತೆರೆಯುತ್ತಿಲ್ಲ.