ಕಿರೀಟ ಕಳಚಿದ ನಟ

ಸಿರುಗುಪ್ಪ, ಕುರುಗೋಡು ಸೀಮೆಯ ಬಯಲಾಟದಲ್ಲಿ ದುರ್ಯೋಧನನೆಂದರೆ ಕಿರೀಟ, ಭುಜಕೀರ್ತಿ, ಏರುದನಿಯ ಹಾಡು. ಬಳ್ಳಾರಿಯ ತೆಲುಗು ರಂಗಭೂಮಿಯಲ್ಲೂ ಒಂದು ಕಾಲಕ್ಕೆ ಪದ್ಯವನ್ನು ರಾಗವೆಳೆದು ಹಾಡಿದವನೇ ದೊಡ್ಡ ನಟ. ಈ ಕಟ್ಟಳೆಗೆ ಎದುರು ನಿಂತವರು ಬಳ್ಳಾರಿ ರಾಘವ (1880–1946). ವೃತ್ತಿಯಲ್ಲಿ ವಕೀಲರು. ರಾಗದ ಎಳೆದಾಟ ನಾಟಕದ ಓಟವನ್ನೇ ತಡೆಯುತ್ತದೆ, ಭಾವವೇ ಮುಖ್ಯ ಎಂಬುದು ಅವರ ನಿಲುವು. ಸ್ತ್ರೀಪಾತ್ರಗಳನ್ನು ಸ್ತ್ರೀಯರೇ ವಹಿಸಬೇಕೆಂದೂ ಅವರು ವಾದಿಸಿದರು.

ಸಿನಿಮಾ ಬಂದಾಗ ಅವರನ್ನು ಮೊದಲು ಕರೆದದ್ದು ಹಳೆಯ ವೇಷಕ್ಕೇ. 1936ರ 'ದ್ರೌಪದಿ ಮಾನಸಂರಕ್ಷಣಂ' ತೆಲುಗು ಚಿತ್ರದಲ್ಲಿ ಅವರು ದುರ್ಯೋಧನ. ಮೂರೇ ವರ್ಷದಲ್ಲಿ, ಗೂಡವಲ್ಲಿ ರಾಮಬ್ರಹ್ಮಂ ಅವರ 'ರೈತುಬಿಡ್ಡ'ದಲ್ಲಿ ಕಿರೀಟವಿರಲಿಲ್ಲ. ಜಮೀನ್ದಾರಿ ದಬ್ಬಾಳಿಕೆಯ ಆ ಕಥೆಯಲ್ಲಿ ರಾಘವ ಬರಿಯ ರೈತ. ಚಿತ್ರಕ್ಕೆ ಜಮೀನ್ದಾರರ ವಿರೋಧ ಎದ್ದಿತು. ವೇಷ ಕಳಚಿದಾಗಲೇ ಆಟ ನಿಜವೆನಿಸುತ್ತದೆಂಬುದಕ್ಕೆ ಬೇರೆ ಸಾಕ್ಷಿ ಬೇಕೆ?