ಬೈಲುಕುಪ್ಪೆಯ ನೂರು ಸ್ರಾಂಗ್: ಒಂದು ನೋಟಿನ ಓದು ಮತ್ತು ಬೆಲೆ

ಮೈಸೂರು ಜಿಲ್ಲೆಯ ಪಶ್ಚಿಮ ತಾಲ್ಲೂಕುಗಳ ಇತಿಹಾಸವನ್ನು ಅರಸುವ ಸಂಶೋಧಕರು ಸಾಮಾನ್ಯವಾಗಿ ಹಿಡಿಯುವ ದಾರಿ ಶಾಸನಗಳದು. ಚಿಕ್ಕ ಹನಸೋಗೆಯ ಬಸದಿ, ಪಿರಿಯಾಪಟ್ಟಣದ ಚಂಗಾಳ್ವರು, ಹೆಗ್ಗಡದೇವನಕೋಟೆಯ ಕಬಿನಿ ದಂಡೆಯಲ್ಲಿದ್ದ ಪುನ್ನಾಟರ ಕಿತ್ತೂರು, ಇವೆಲ್ಲ ವಿದ್ವಾಂಸರಿಗೆ ಪರಿಚಿತ. ಇದೇ ನೆಲದಲ್ಲಿ ಕಳೆದ ಆರು ದಶಕಗಳಿಂದ ಮತ್ತೊಂದು ಬಗೆಯ ಲಿಖಿತ ಆಕರವೂ ಇದೆ. ಅದು ಕಲ್ಲಿನದಲ್ಲ, ಕಾಗದದ್ದು, ಕನ್ನಡದ್ದಲ್ಲ, ಟಿಬೆಟಿನದು.

1959ರ ಮಾರ್ಚ್ ತಿಂಗಳ ಕೊನೆಗೆ ದಲೈ ಲಾಮಾ ಭಾರತದ ಗಡಿ ದಾಟಿದ ಮೇಲೆ ಸಾವಿರಾರು ಟಿಬೆಟನ್ನರು ಅವರನ್ನು ಹಿಂಬಾಲಿಸಿದರು. ಅಂದಿನ ಮೈಸೂರು ಸರ್ಕಾರ ಕೊಟ್ಟ ಭೂಮಿಯಲ್ಲಿ 1960ರ ಸುಮಾರಿಗೆ ಪಿರಿಯಾಪಟ್ಟಣ ತಾಲ್ಲೂಕಿನ ಬೈಲುಕುಪ್ಪೆಯ ವಸಾಹತು ಆರಂಭವಾಯಿತು. 1969ರಲ್ಲಿ ಅಲ್ಲಿಯೇ ಎರಡನೆಯದು, 1972ರಲ್ಲಿ ಹುಣಸೂರು ತಾಲ್ಲೂಕಿನ ಗುರುಪುರದಲ್ಲಿ ಮತ್ತೊಂದು ಬೆಳೆಯಿತು. ಬಂದವರು ತಂದದ್ದು ಅಲ್ಪ: ಪವಿತ್ರ ಗ್ರಂಥ, ಪ್ರತಿಮೆ, ಒಂದಿಷ್ಟು ಒಡವೆ, ಕೆಲವರ ಬಳಿ ತಮ್ಮ ನಾಡಿನ ಹಣ. ಗಡಿ ದಾಟಿದ ಕ್ಷಣದಲ್ಲೇ ಆ ಹಣ ಕೊಳ್ಳುವ ಶಕ್ತಿಯನ್ನು ಕಳೆದುಕೊಂಡಿತು. ಟಿಬೆಟ್ಟಿನೊಳಗೂ ಚೀನೀ ಹಣ ಅದರ ಸ್ಥಾನವನ್ನು ಆಕ್ರಮಿಸಿತು. ಹೀಗೆ ಚಲಾವಣೆ ಕಳೆದುಕೊಂಡ ನೋಟು ಇಂದು ಸಂಗ್ರಾಹಕರ ಪೇಟೆಯಲ್ಲಿ ಬೆಲೆಯುಳ್ಳ ವಸ್ತುವಾಗಿದೆ. ಆ ಬೆಲೆ ನಿರ್ಧಾರವಾಗುವ ಬಗೆಯನ್ನೂ, ಅದು ಕೈಬಿಡುವುದೇನೆಂಬುದನ್ನೂ ಸಾಹಿತ್ಯದ ವಿದ್ಯಾರ್ಥಿಗಳು ಅರಿಯುವುದು ಒಳಿತು.

ಮೊದಲು ಓದಿನ ಮಾತು. ಟಿಬೆಟನ್ ಲಿಪಿ ಕನ್ನಡದಂತೆಯೇ ಬ್ರಾಹ್ಮೀ ಸಂತತಿಯದು. ಕ ವರ್ಗದಿಂದ ಮೊದಲಾಗುವ ವ್ಯಂಜನಗಳ ಕ್ರಮ, ವ್ಯಂಜನಕ್ಕೆ ಅಂಟುವ ಸ್ವರಚಿಹ್ನೆ, ಒತ್ತಕ್ಷರದ ರಚನೆ, ಇವು ಹಳಗನ್ನಡ ಶಾಸನ ಓದಿದವರಿಗೆ ಅಪರಿಚಿತವೆನಿಸವು. ಅಂಕಿಗಳಲ್ಲಿಯೂ ಎರಡು, ಮೂರು, ಸೊನ್ನೆಗಳ ಹೋಲಿಕೆ ಎದ್ದು ಕಾಣುತ್ತದೆ. ಒಂದು ವಾರದ ಅಭ್ಯಾಸದಿಂದ ನೋಟಿನ ಕ್ರಮಸಂಖ್ಯೆಯನ್ನು ಓದಬಹುದು. ನೋಟಿನ ಮೇಲ್ಭಾಗದ ಒಕ್ಕಣೆ, ಇದನ್ನು ಹೊರಡಿಸಿದುದು ಸರ್ವದಿಗ್ವಿಜಯಿಯಾದ 'ಗಾಂದೆನ್ ಫೋದ್ರಾಂಗ್' ಸರ್ಕಾರವೆಂದು ಸಾರುತ್ತದೆ. ನಮ್ಮ ಶಾಸನಗಳ ಪ್ರಶಸ್ತಿಭಾಗಕ್ಕೆ ಇದು ಸಮೀಪ. ಒಂದು ರಾಜ್ಯ ತನ್ನನ್ನು ಏನೆಂದು ಕರೆದುಕೊಂಡಿತು ಎಂಬುದಕ್ಕೆ ಇದಕ್ಕಿಂತ ನೇರವಾದ ಸಾಕ್ಷಿ ಬೇರೆ ದೊರೆಯುವುದು ವಿರಳ.

ಕಾಲನಿರ್ಣಯದಲ್ಲಿ ಕನ್ನಡಿಗರಿಗೆ ಕುತೂಹಲಕರವಾದ ಸಂಗತಿಯೊಂದಿದೆ. ಟಿಬೆಟಿನ ನಾಣ್ಯಗಳು 'ರಬ್‌ಜುಂಗ್' ಎಂಬ ಅರವತ್ತು ವರ್ಷಗಳ ಚಕ್ರವನ್ನು ಬಳಸುತ್ತವೆ. ಕಾಲಚಕ್ರ ಸಂಪ್ರದಾಯದೊಡನೆ 1027ರಿಂದ ಎಣಿಕೆಗೆ ಬಂದ ಈ ಚಕ್ರದ ಹೆಸರು ನಮ್ಮ 'ಪ್ರಭವ' ಸಂವತ್ಸರದ ಅನುವಾದ. ಹದಿನಾರನೆಯ ರಬ್‌ಜುಂಗ್ ಆರಂಭವಾದದ್ದು 1927ರಲ್ಲಿ. ನಮ್ಮ ಪಂಚಾಂಗದಲ್ಲಿಯೂ ಆ ಯುಗಾದಿಗೆ ಬಂದದ್ದು ಪ್ರಭವವೇ. ಆದ್ದರಿಂದ ಹದಿನಾರನೆಯ ಚಕ್ರದ ಹತ್ತನೆಯ ವರ್ಷವೆಂದು ಬರೆದ ನಾಣ್ಯ 1936ರದು, ನಮ್ಮ ಧಾತು ಸಂವತ್ಸರದ್ದು. ಸಂವತ್ಸರಗಳ ಹೆಸರನ್ನು ಕ್ರಮವಾಗಿ ಹೇಳಬಲ್ಲವರಿಗೆ ಕೋಷ್ಟಕವೇ ಬೇಡ.

ನೋಟುಗಳ ಗಣನೆ ಬೇರೆ. ಅವುಗಳ ಮೇಲಿನ ವರ್ಷಕ್ಕೆ 254 ಕೂಡಿಸಿದರೆ ಕ್ರಿಸ್ತಶಕ ದೊರೆಯುತ್ತದೆ. ಮೊದಲ ನೋಟುಗಳ ಮೇಲಿನ 1658 ಎಂದರೆ 1912. ಶಕವರ್ಷಕ್ಕೆ 78 ಕೂಡಿಸುವ ಅಭ್ಯಾಸವಿದ್ದವರಿಗೆ ಇದು ಹೊಸ ವಿದ್ಯೆಯಲ್ಲ. ಆದರೆ ನೂರು ಸ್ರಾಂಗ್ ನೋಟಿನ ಮೇಲೆ ವರ್ಷವೇ ಇಲ್ಲ. ಅದರ ಕಾಲವನ್ನು ಕ್ರಮಸಂಖ್ಯೆ ಮತ್ತು ಒಕ್ಕಣೆಯ ವ್ಯತ್ಯಾಸದಿಂದ ಊಹಿಸಬೇಕು. 1937ರಲ್ಲಿ ಆರಂಭವಾದ ಮೊದಲ ಮುದ್ರಣಗಳಲ್ಲಿ 'ತಮ್ ಸ್ರಾಂಗ್' ಎಂದೂ ಆಮೇಲಿನವುಗಳಲ್ಲಿ ಬರಿಯ 'ಸ್ರಾಂಗ್' ಎಂದೂ ಇದೆ. ಗ್ರಂಥಸಂಪಾದನೆಯಲ್ಲಿ ಒಂದು ಪಾಠಾಂತರ ಪ್ರತಿಯ ಕಾಲವನ್ನು ಹೇಳುವಂತೆ, ಇಲ್ಲಿ ಒಂದು ಪದ ನೋಟಿನ ಕಾಲವನ್ನೂ ಬೆಲೆಯನ್ನೂ ಹೇಳುತ್ತದೆ. ಸ್ರಾಂಗ್ ಎಂದು ಬರೆದರೂ ಉಚ್ಚಾರ 'ಸಾಂಗ್' ಎಂದೇ. ಒಂದು ಸ್ರಾಂಗಿಗೆ ಹತ್ತು ಶೋ, ನೂರು ಕರ್ಮ. ತಮ್ ಎಂದರೆ ಒಂದೂವರೆ ಶೋ.

ಗುರುತಿಸುವವರು ನೋಡಬೇಕಾದದ್ದು ಮುಖ್ಯವಾಗಿ ಕಾಗದ, ಮುದ್ರೆ, ಸಂಖ್ಯೆ. 1912ರ ಅನಂತರದ ಮೊದಲ ನೋಟುಗಳನ್ನು ಮರದ ಅಚ್ಚಿನಿಂದ ಏಕವರ್ಣದಲ್ಲಿ ಮುದ್ರಿಸಲಾಗುತ್ತಿತ್ತು. ಅವುಗಳ ನಕಲು ಸುಲಭವಾಗಿತ್ತು. ಖೋಟಾ ನೋಟುಗಳು ಹಬ್ಬಿದ್ದರಿಂದ 1926ರಲ್ಲಿ ಬಹುವರ್ಣದ ಐವತ್ತು ತಮ್ ನೋಟು ಬಂತು. ಲಾಸಾದ ಹೊರವಲಯದ ಟ್ರಪ್ಚಿ ಟಂಕಸಾಲೆಯಲ್ಲಿ ಅಚ್ಚಾದ ನೂರು ಸ್ರಾಂಗ್ ಅದಕ್ಕಿಂತಲೂ ಜಾಣತನದ್ದು. ಕೈಕಾಗದದ ಎರಡು ತೆಳುಹಾಳೆಗಳನ್ನು ಅಂಟಿಸಿ, ನಡುವೆ ಅಕ್ಷರಗಳನ್ನು ಹುದುಗಿಸಿರುತ್ತಾರೆ. ಬೆಳಕಿಗೆ ಹಿಡಿದರೆ ಮಾತ್ರ ಅವು ಕಾಣುತ್ತವೆ. ಮುಂಬದಿಯಲ್ಲಿ ಕೆಂಪು ಮತ್ತು ಕಪ್ಪು ಮುದ್ರೆಗಳು, ಹಿಂಬದಿಯಲ್ಲಿ ಮರದ ಕೆಳಗೆ ಕುಳಿತ ದೀರ್ಘಾಯುವಾದ ವೃದ್ಧ.

ಎಲ್ಲಕ್ಕಿಂತ ಸೋಜಿಗದ್ದು ಕ್ರಮಸಂಖ್ಯೆ. ಅದು ಯಂತ್ರದ್ದಲ್ಲ. 'ಎಪಾ' ಎಂದು ಕರೆಯಲಾಗುವ ತರಬೇತಾದ ಲಿಪಿಕಾರರು ಪ್ರತಿಯೊಂದು ನೋಟಿನ ಮೇಲೆಯೂ ಅದನ್ನು ಕೈಯಿಂದ ಬರೆದರು. ತಾಳೆಗರಿಯ ಲಿಪಿಕಾರನ ಕೈಬರಹವನ್ನು ಗುರುತಿಸಬಲ್ಲ ಸಂಶೋಧಕನಿಗೆ ಇಲ್ಲಿ ಒಂದು ಅಧ್ಯಯನವೇ ಕಾದಿದೆ. ಪ್ರವಾಸಿಗರಿಗಾಗಿ ಇತ್ತೀಚೆಗೆ ಅಚ್ಚಾದ ನಕಲು ಸಿಕ್ಕಿಬೀಳುವುದೂ ಇಲ್ಲಿಯೇ: ಅದರ ಅಂಕಿಗಳು ಬಿಡಿಬಿಡಿ ನೋಟುಗಳಲ್ಲಿ ಒಂದೇ ಆಗಿರುತ್ತವೆ, ಭೂತಗನ್ನಡಿಯಲ್ಲಿ ಬಣ್ಣ ಚುಕ್ಕಿಚುಕ್ಕಿಯಾಗಿ ಒಡೆಯುತ್ತದೆ, ಬೆಳಕಿಗೆ ಹಿಡಿದರೆ ಒಳಗೆ ಏನೂ ಇರುವುದಿಲ್ಲ. ಆ ಕಾಲದಲ್ಲಿಯೇ ಹುಟ್ಟಿದ ಖೋಟಾ ನೋಟಿನ ಮಾತು ಬೇರೆ. ಅದೂ ಇತಿಹಾಸದ ವಸ್ತುವೇ. ಅದನ್ನು ಅರಸುವ ಸಂಗ್ರಾಹಕರೂ ಇದ್ದಾರೆ.

ಬೆಲೆ ಕಟ್ಟುವವರ ಲೆಕ್ಕ ಎರಡು ಸಂಗತಿಗಳ ಮೇಲೆ ನಿಂತಿದೆ, ವಿರಳತೆ ಮತ್ತು ಸ್ಥಿತಿ. ಆಲ್ಬರ್ಟ್ ಪಿಕ್ ಆರಂಭಿಸಿದ ಜಾಗತಿಕ ನೋಟುಗಳ ಸೂಚಿ ಪ್ರತಿಯೊಂದು ಮಾದರಿಗೂ ಒಂದು ಸಂಖ್ಯೆ ಕೊಡುತ್ತದೆ. ಹರಾಜಿನವರು ಅದನ್ನೇ ಉಲ್ಲೇಖಿಸುತ್ತಾರೆ. ಮರದ ಅಚ್ಚಿನ ತಮ್ ನೋಟುಗಳು ಬಹು ವಿರಳ, ಬೆಲೆಯೂ ಬಹಳ. ನೂರು ಸ್ರಾಂಗ್ 1959ರವರೆಗೂ ಅಚ್ಚಾದ್ದರಿಂದ ಧಾರಾಳವಾಗಿ ಉಳಿದಿದೆ, ಬೆಲೆ ಕಡಿಮೆ. ಮಡಿಚಿದ ಗೆರೆ, ಜಿಡ್ಡು, ಹರಕು ಪ್ರತಿಯೊಂದೂ ಬೆಲೆಯನ್ನು ಇಳಿಸುತ್ತದೆ. ತೊಳೆದು ಇಸ್ತ್ರಿ ಮಾಡಿದರೆ ಉಳಿದದ್ದೂ ಹೋಗುತ್ತದೆ. ಎರಡು ಹಾಳೆಗಳ ಅಂಟು ನೀರಿಗೆ ಬಿಡುತ್ತದೆ.

ಈ ಲೆಕ್ಕ ಪೇಟೆಗೆ ಸರಿ. ಇತಿಹಾಸಕ್ಕೆ ಅದು ಬಹುಮಟ್ಟಿಗೆ ತಲೆಕೆಳಗು. ನಿರಾಶ್ರಿತರು ಎದೆಗವಚಿಕೊಂಡು ತಂದಿರಬಹುದಾದದ್ದು ಅವರ ಕಾಲದಲ್ಲಿ ಚಲಾವಣೆಯಲ್ಲಿದ್ದ ನೂರು ಸ್ರಾಂಗನ್ನೇ, ಮೂವತ್ತು ವರ್ಷ ಹಿಂದಿನ ವಿರಳ ನೋಟನ್ನಲ್ಲ. ಬಟ್ಟೆಯ ಮಡಿಕೆಯಲ್ಲಿ ಬೆವರು ಕುಡಿದ ನೋಟು ಸೂಚಿಯ ಕೊನೆಯ ದರ್ಜೆಗೆ ಸೇರುತ್ತದೆ. ಕಲಿಂಪಾಂಗಿನ ಉಣ್ಣೆ ವ್ಯಾಪಾರದ ದಾರಿಯಲ್ಲಿ 1959ಕ್ಕೂ ಮೊದಲೇ ಭಾರತಕ್ಕೆ ಬಂದು, ಯಾರ ಕೈಯೂ ಸವೆಸದ ನೋಟಿಗೆ ಮೊದಲ ದರ್ಜೆ. ಎರಡನ್ನೂ ಮೇಜಿನ ಮೇಲಿಟ್ಟರೆ ಯಾವುದು ಬೈಲುಕುಪ್ಪೆಯದು, ಯಾವುದು ಕಲಿಂಪಾಂಗಿನ ಅಂಗಡಿಯದು ಎಂದು ಹೇಳುವ ಗುರುತು ನೋಟಿನ ಮೇಲೆ ಇಲ್ಲ. ಅದು ಇರುವುದು ಮನೆಯವರ ನೆನಪಿನಲ್ಲಿ: ಯಾರು ತಂದರು, ಯಾವ ಕಣಿವೆಯಿಂದ, ಅಸ್ಸಾಮಿನ ಮಿಸ್ಸಮಾರಿ ಶಿಬಿರದ ಮೂಲಕವೋ ಬೇರೆ ದಾರಿಯಿಂದಲೋ, ರಸ್ತೆ ಕೆಲಸದ ವರ್ಷಗಳಲ್ಲಿ ಎಲ್ಲಿ ಅಡಗಿಸಿಟ್ಟಿದ್ದರು. ನೋಟು ಬಿಡಿಯಾಗಿ ಮಾರಾಟವಾದ ದಿನ ಈ ಭಾಗ ಕಳಚಿಬೀಳುತ್ತದೆ. ನೆಲೆ ತಪ್ಪಿದ ಶಾಸನದ ಕಲ್ಲಿಗೂ ಇದೇ ಗತಿ. ಅಕ್ಷರ ಉಳಿದರೂ ಯಾವ ಊರಿನ ದತ್ತಿ ಎಂಬುದು ತಿಳಿಯದು.

ಕಾಲ ಹೆಚ್ಚಿಲ್ಲ. ಗಡಿ ದಾಟಿದಾಗ ಇಪ್ಪತ್ತರ ಹರೆಯದವರಾಗಿದ್ದವರು ಇಂದು ತೊಂಬತ್ತರ ಸಮೀಪದಲ್ಲಿದ್ದಾರೆ. ಅವರ ಮೊಮ್ಮಕ್ಕಳು ಯುರೋಪು, ಅಮೆರಿಕಗಳಿಗೆ ತೆರಳುತ್ತಿದ್ದಾರೆ. ಹುಣಸೂರು, ಪಿರಿಯಾಪಟ್ಟಣಗಳ ಕಾಲೇಜುಗಳಿಂದ ಈ ವಸಾಹತುಗಳು ಬಸ್ಸಿನ ದೂರದಲ್ಲಿವೆ. ಅನೇಕ ಹಿರಿಯರಿಗೆ ಕನ್ನಡವೂ ಬರುತ್ತದೆ. ನೋಟಿನ ಎರಡೂ ಬದಿಯ ಛಾಯಾಚಿತ್ರ, ಬೆಳಕಿಗೆ ಹಿಡಿದ ಮೂರನೆಯ ಚಿತ್ರ, ಕ್ರಮಸಂಖ್ಯೆ, ಒಡೆಯರ ಒಪ್ಪಿಗೆಯೊಡನೆ ಅವರ ಮಾತು, ಇಷ್ಟು ಸಂಗ್ರಹಿಸಲು ದೊಡ್ಡ ಯೋಜನೆ ಬೇಕಿಲ್ಲ. ಕೊಳ್ಳುವುದೂ ಬೇಕಿಲ್ಲ. ಭಾರತದ ನೋಟುಗಳೇ 1996ರಿಂದ ಮೈಸೂರಿನಲ್ಲಿ ಅಚ್ಚಾಗುತ್ತಿವೆ ಎಂಬುದನ್ನು ಈ ಜಿಲ್ಲೆಯವರು ಹೆಮ್ಮೆಯಿಂದ ಹೇಳುತ್ತಾರೆ. ಅಚ್ಚು ನಿಂತುಹೋದ ನೋಟುಗಳೂ ಇದೇ ಜಿಲ್ಲೆಯ ಪೆಟ್ಟಿಗೆಗಳಲ್ಲಿವೆ.

1972ರ ಪುರಾತನ ವಸ್ತುಗಳ ಕಾಯ್ದೆ ನೂರು ವರ್ಷ ತುಂಬಿದ ಐತಿಹಾಸಿಕ ವಸ್ತುಗಳನ್ನು ಖಾಸಗಿಯವರು ದೇಶದ ಹೊರಗೆ ಒಯ್ಯುವುದನ್ನು ತಡೆಯುತ್ತದೆ. ಮರದ ಅಚ್ಚಿನ ಮೊದಲ ನೋಟುಗಳು ಆ ವಯಸ್ಸನ್ನು ದಾಟಿವೆ, 1926ರ ಐವತ್ತು ತಮ್ ನೋಟಿಗೆ 2026ರಲ್ಲಿ ನೂರು. ನೂರು ಸ್ರಾಂಗಿನ ಅತ್ಯಂತ ಹಳೆಯ ಪ್ರತಿಗೂ ಆ ವಯಸ್ಸು 2037ಕ್ಕೆ ಮೊದಲು ಬರುವುದಿಲ್ಲ, 1959ರದಕ್ಕೆ 2059ರವರೆಗೆ.